ಗಂಡನ ಆಸ್ತಿಯಿಂದ ಬಂದ ಓಟು: ಒಪ್ಪಬೇಕಿತ್ತಾ, ಬೇಡ ಅನ್ನಬೇಕಿತ್ತಾ?

1930ರ ದಶಕ. ಹೆಂಗಸರಿಗೆ ಓಟು ಬೇಕು ಎಂದು ಹೋರಾಡುತ್ತಿದ್ದ ನಮ್ಮ ಹೆಣ್ಣುಮಕ್ಕಳ ನಡುವೆಯೇ ಒಂದು ವಾದ ಎದ್ದಿತ್ತು. ಆಸ್ತಿವಂತನ ಹೆಂಡತಿಗೆ ಓಟು, ಜೊತೆಗೆ ಶಾಸನಸಭೆಗಳಲ್ಲಿ ಕೆಲವು ಮೀಸಲು ಸೀಟು. ಬ್ರಿಟಿಷ್ ಸರ್ಕಾರ ಕೊಡಲು ಹೊರಟಿದ್ದು ಇಷ್ಟು. ತಗೊಳ್ಳೋದಾ, ಬಿಡೋದಾ?

ಪರ: ಸಿಕ್ಕಿದ್ದನ್ನು ಬಿಡಬಾರದು

ಮೊದಲು ಲೆಕ್ಕ ನೋಡೋಣ. ಆಗ ಓಟು ಹಾಕಲು ಆಸ್ತಿ ಇರಬೇಕಿತ್ತು. ಜಮೀನು, ಮನೆ ಎಲ್ಲ ಗಂಡಸರ ಹೆಸರಿನಲ್ಲಿ. ಹಾಗಾಗಿ ಮದ್ರಾಸ್ ಮತ್ತು ಬೊಂಬಾಯಿ ಪ್ರಾಂತ್ಯಗಳು 1921ರಲ್ಲೇ ಹೆಂಗಸರಿಗೂ ಓಟು ಎಂದು ಒಪ್ಪಿದರೂ, ಹತ್ತು ವರ್ಷ ಕಳೆದ ಮೇಲೂ ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಓಟಿದ್ದ ಹೆಂಗಸರು ಸುಮಾರು 3 ಲಕ್ಷ ಮಾತ್ರ. 1935ರ ಭಾರತ ಸರ್ಕಾರ ಕಾಯ್ದೆ ಗಂಡನ ಆಸ್ತಿಯನ್ನೂ ಓದುಬರಹವನ್ನೂ ಅರ್ಹತೆ ಎಂದು ಒಪ್ಪಿದಾಗ ಅದು ಸುಮಾರು 60 ಲಕ್ಷಕ್ಕೆ ಏರಿತು. ಅಷ್ಟು ಜನರಿಗೆ "ಇನ್ನೂ ಕಾಯಿರಿ" ಎಂದು ಹೇಳುವ ಹಕ್ಕು ಯಾರಿಗಿತ್ತು?

ಮೀಸಲು ಸೀಟಿನ ಮಾತಿಗೆ ಮಂಗಳೂರಿನ ಇಬ್ಬರನ್ನು ನೆನೆಯಬೇಕು. ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತರು. ಹೆಂಗಸರು ಚುನಾವಣೆಗೆ ನಿಲ್ಲಬಹುದು ಎಂದು ಆಗಷ್ಟೇ ತೀರ್ಮಾನವಾಗಿತ್ತು. ಸ್ವಲ್ಪದರಲ್ಲೇ ಸೋತರು. ಸಮಾಜ ಸುಧಾರಕ ಕುದ್ಮುಲ್ ರಂಗರಾಯರ ಮಗಳು ರಾಧಾಬಾಯಿ ಸುಬ್ಬರಾಯನ್ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. ಅಲ್ಲಿಗೆ ಬಂದಿದ್ದ ಇನ್ನೊಬ್ಬ ಭಾರತೀಯ ಮಹಿಳೆ ಬೇಗಂ ಷಾ ನವಾಜ್ ಜೊತೆ ಸೇರಿ, ಸ್ವಲ್ಪ ಕಾಲಕ್ಕಾದರೂ ಮೀಸಲು ಸೀಟು ಕೊಡಿ ಎಂದು ಕೇಳಿದರು. ಕಮಲಾದೇವಿಯಂಥವರೇ ಗೆಲ್ಲಲಿಲ್ಲ ಅಂದಮೇಲೆ ಉಳಿದವರ ಪಾಡೇನು ಅಲ್ವಾ?

ಒಳಗೆ ಒಬ್ಬರು ಇದ್ದರೂ ಕೆಲಸ ಆಗುತ್ತದೆ. ಡಾ. ಮುತ್ತುಲಕ್ಷ್ಮಿ ರೆಡ್ಡಿ ಮದ್ರಾಸ್ ಶಾಸನಸಭೆಗೆ ಬಂದಿದ್ದು ಗೆದ್ದು ಅಲ್ಲ, ಸರ್ಕಾರದ ನಾಮನಿರ್ದೇಶನದಿಂದ. ಆದರೂ ದೇವದಾಸಿ ಪದ್ಧತಿಯ ವಿರುದ್ಧ ಅಲ್ಲಿ ದನಿ ಎತ್ತಿದವರು ಅವರೇ.

ವಿರೋಧ: ಹೆಂಡತಿ ಎಂದಲ್ಲ, ಮನುಷ್ಯಳು ಎಂದು

ಅದೇ ಮುತ್ತುಲಕ್ಷ್ಮಿ ರೆಡ್ಡಿಯವರು 1933ರಲ್ಲಿ ರಾಜಕುಮಾರಿ ಅಮೃತ್ ಕೌರ್ ಮತ್ತು ಬೇಗಂ ಹಮೀದ್ ಅಲಿ ಜೊತೆ ಲಂಡನ್ನಿಗೆ ಹೋಗಿ, ಭಾರತದ ಹೊಸ ಕಾಯ್ದೆಯ ವಿಚಾರ ನೋಡುತ್ತಿದ್ದ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ನಿಂತರು. ಒಳಗಿದ್ದು ಕೆಲಸ ಮಾಡಿ ಬಂದವರು ಅವರು. ಆದರೂ ದೇಶದ ಮೂರು ದೊಡ್ಡ ಮಹಿಳಾ ಸಂಘಟನೆಗಳ ಪರವಾಗಿ ಅವರು ಹೇಳಿದ್ದು: ವಯಸ್ಸಿಗೆ ಬಂದವರಿಗೆಲ್ಲ ಓಟು ಕೊಡಿ, ಮೀಸಲು ಬೇಡ.

ಇದು ಸುಮ್ನೆ ಹಟ ಅಲ್ಲ. ಗಂಡನಿಗೆ ಆಸ್ತಿ ಇದ್ದರೆ ಹೆಂಡತಿಗೆ ಓಟು ಎಂದರೆ ಓಟು ಸಿಕ್ಕಿದ್ದು ಆಸ್ತಿಗೆ, ಅವಳಿಗಲ್ಲ. ಗದ್ದೆಯಲ್ಲಿ ನಾಟಿ ಹಾಕುವವಳಿಗೆ ಇಲ್ಲ, ಗದ್ದೆ ಒಡೆಯನ ಹೆಂಡತಿಗೆ ಇದೆ. ಇದೇ ಪಾರ್ಲಿಮೆಂಟು 1928ರಲ್ಲಿ ತನ್ನ ದೇಶದ ಹೆಂಗಸರಿಗೆ 21 ತುಂಬಿದರೆ ಸಾಕು ಎಂದಿತ್ತು. ನಮಗೆ ಮಾತ್ರ ಗಂಡನ ಕಂದಾಯದ ಲೆಕ್ಕ ಯಾಕೆ? 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ಸೂ ಎಲ್ಲ ವಯಸ್ಕರಿಗೂ ಓಟು ಎಂದು ನಿರ್ಣಯ ಮಾಡಿತ್ತು. ಹಾಗಾಗಿ ಇವರು ಕೇಳಿದ್ದು ಆಗದ ಮಾತೇನಲ್ಲ.

ಇನ್ನು ಮೀಸಲು ಸೀಟು. ಸರ್ಕಾರ ಅದನ್ನೂ ಹಿಂದೂ, ಮುಸ್ಲಿಂ ಎಂದು ಹಂಚಿ ಕೊಟ್ಟಿತು. ಒಟ್ಟಾಗಿದ್ದ ಹೆಂಗಸರನ್ನು ಒಡೆಯುವ ಕೆಲಸ ಅದು. ರಾಧಾಬಾಯಿಯವರ ಕಳಕಳಿಯ ಬಗ್ಗೆ ನನಗೆ ಅನುಮಾನವಿಲ್ಲ. 60 ಲಕ್ಷ ಎಂಬ ಲೆಕ್ಕವನ್ನೂ ಹಗುರವಾಗಿ ತಳ್ಳಿಹಾಕಲು ಆಗುವುದಿಲ್ಲ. ಆದರೂ ನನ್ನ ಮನಸ್ಸು ಈ ಕಡೆಗೇ ವಾಲುತ್ತದೆ.

ಯಾಕೆಂದರೆ ಹೆಂಗಸನ್ನು ಗಂಡನ ಮೂಲಕವೇ ಗುರುತಿಸುವ ಅಭ್ಯಾಸ ಅಷ್ಟು ಬೇಗ ಹೋಗಲಿಲ್ಲ. ಸ್ವತಂತ್ರ ಭಾರತದ ಮೊದಲ ಚುನಾವಣೆಗೆ ಪಟ್ಟಿ ಬರೆಯಲು ಮನೆಮನೆಗೆ ಹೋದವರಿಗೆ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದೆ ಓಟಿಲ್ಲ ಎಂದರು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಉಳಿದರು.