ಸೌರ ಬಿರುಗಾಳಿಗೆ ಮೊಬೈಲ್ ಆಫ್ ಮಾಡಬೇಕಾ?

"ಇವತ್ತು ರಾತ್ರಿ ಸೌರ ಬಿರುಗಾಳಿ, ಮೊಬೈಲ್ ಆಫ್ ಮಾಡಿ ದೂರ ಇಡಿ, ಕಿರಣ ಮೈಗೆ ತಾಗುತ್ತೆ" ಅಂತ ತೀರ್ಥಹಳ್ಳಿ, ಸಾಗರದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಮೆಸೇಜ್ ಓಡಾಡುತ್ತಿದೆ. ಸೌರ ಬಿರುಗಾಳಿ ಅನ್ನೋದು ಇರುವುದು ನಿಜ. ಉಳಿದದ್ದು ಸುಳ್ಳು.

ಸೂರ್ಯನಿಂದ ಹೊರಡುವ ವಿದ್ಯುತ್ ಕಣಗಳ ಗಾಳಿ ಜೋರಾದಾಗ ಅದನ್ನು ಸೌರ ಬಿರುಗಾಳಿ ಅನ್ನುತ್ತಾರೆ. ಈ ಗಾಳಿ ತನ್ನ ಜೊತೆ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಆ ಕಾಂತಕ್ಷೇತ್ರ ಉತ್ತರಕ್ಕೆ ತಿರುಗಿದ್ದರೆ ಹೆಚ್ಚೇನೂ ಆಗುವುದಿಲ್ಲ. ದಕ್ಷಿಣಕ್ಕೆ ತಿರುಗಿದ್ದರೆ ಭೂಮಿಯ ಕಾಂತಕ್ಷೇತ್ರದ ಜೊತೆ ಬೆಸೆದುಕೊಳ್ಳುತ್ತದೆ, ಆಗ ಒಳಗೆ ನುಗ್ಗಿದ ಶಕ್ತಿಯಿಂದ ಧ್ರುವಗಳ ಕಡೆ 100 ಕಿಲೋಮೀಟರಿಗಿಂತ ಮೇಲಿನ ಗಾಳಿ ಕಾದು, ಒಲೆ ಮೇಲಿನ ಹಾಲಿನ ಹಾಗೆ ಉಬ್ಬುತ್ತದೆ. ಕೆಳಗಿನ ಕಕ್ಷೆಯ ಉಪಗ್ರಹಗಳಿಗೆ ಈ ಗಾಳಿಯ ತಡೆ ಜಾಸ್ತಿಯಾಗುತ್ತದೆ. 2022ರ ಫೆಬ್ರವರಿಯಲ್ಲಿ ಆಗಷ್ಟೇ ಹಾರಿಸಿದ್ದ ಇಂಟರ್ನೆಟ್ ಕೊಡುವ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚಿನವು ಹೀಗೇ ಬಿದ್ದು ಸುಟ್ಟುಹೋದವು, ಅದೂ ಅಷ್ಟೇನೂ ದೊಡ್ಡದಲ್ಲದ ಬಿರುಗಾಳಿಗೆ!

ನೆಲದ ಮೇಲಿರುವ ನಮ್ಮ ಮೈಗೆ ಏನೂ ತಾಗುವುದಿಲ್ಲ. ಭೂಮಿಯ ಕಾಂತಕ್ಷೇತ್ರ ಮತ್ತು ದಪ್ಪ ವಾತಾವರಣ ಕಾಯುತ್ತವೆ. ಜಿಪಿಎಸ್ ಸ್ವಲ್ಪ ತಪ್ಪು ಜಾಗ ತೋರಿಸಬಹುದು, ಅಷ್ಟೇ. ಫೋನ್ ಆಫ್ ಮಾಡಿದರೆ ಸುಮ್ನೆ ಕರೆಗಳು ತಪ್ಪುತ್ತವೆ. 2024ರ ಮೇ ತಿಂಗಳಲ್ಲಿ ದೊಡ್ಡ ಬಿರುಗಾಳಿಯೇ ಬಂದು ಲಡಾಖ್‌ನ ಹಾನ್ಲೆಯಲ್ಲಿ ಅದರಿಂದ ಆಕಾಶದಲ್ಲಿ ಮೂಡಿದ ಕೆಂಪು ಬೆಳಕು ಕ್ಯಾಮೆರಾಕ್ಕೆ ಸಿಕ್ಕಿತ್ತು, ಶಿವಮೊಗ್ಗದಲ್ಲಿ ಫೋನ್‌ಗಳು ಎಂದಿನಂತೆ ನಡೆದವು ಅಲ್ವಾ? ಆಗುಂಬೆ ಘಾಟಿಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಸೂರ್ಯನನ್ನು ಬೈಯಬೇಡಿ.