ಮೇಜಿನ ಅಡಿಭಾಗವನ್ನೂ ಬರೆದಿಟ್ಟವರು

ಶೇಕರ್ ಎಂಬ ಕ್ರೈಸ್ತ ಪಂಥದವರ ಮೂರು ಕಾಲಿನ ದೀಪದ ಮೇಜಿನ ನಕ್ಷೆಯನ್ನು ಇಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ನೋಡಿ ಹೊಟ್ಟೆಕಿಚ್ಚಾಯಿತು. ಒಂದು ಹಲಗೆ, ಕಡೆದ ಕಂಬ, ಮೂರು ಕಾಲು. ಅಷ್ಟಕ್ಕೆ ಇಷ್ಟು ಮರ್ಯಾದೆ! 1774ರಲ್ಲಿ ತನ್ನ ನಾಯಕಿ ಆ್ಯನ್ ಲೀ ಜೊತೆ ಇಂಗ್ಲೆಂಡಿನಿಂದ ಬಂದ ಈ ಪಂಥ ಬೇಡದ ಅಲಂಕಾರವನ್ನು ನಿಯಮ ಮಾಡಿಯೇ ದೂರವಿಟ್ಟಿತ್ತು. ಕೆತ್ತನೆ ಇಲ್ಲದಿದ್ದರೆ ಕೀಲಿನ ತಪ್ಪು ಮುಚ್ಚಲು ಜಾಗವಿರುವುದಿಲ್ಲ.

ಕಾಲಿನ ಬಾಗನ್ನು ಒಂದಿಂಚಿನ ಚೌಕಗಳ ಮೇಲೆ ಬರೆದಿದ್ದಾರೆ. ರಟ್ಟಿಗೆ ಇಳಿಸಿ ಕತ್ತರಿಸಿದರೆ ಅಚ್ಚು ಸಿದ್ಧ. ಅಚ್ಚನ್ನು ಹಲಗೆಯ ಮೇಲಿಡುವಾಗ ಮರದ ಎಳೆ ಕಾಲಿನ ಉದ್ದಕ್ಕೇ ಓಡಬೇಕು. ಅಡ್ಡ ಬಿದ್ದರೆ ಪಾದದ ಬಳಿಯ ಸಪೂರ ಭಾಗ ಲಟಕ್ಕೆಂದು ಮುರಿಯುತ್ತದೆ. ಕಾಲಿನ ತುದಿಯ ಡವ್‌ಟೇಲ್, ಅಂದರೆ ಪಾರಿವಾಳದ ಬಾಲದಂತೆ ತುದಿಗೆ ಅಗಲವಾಗುವ ಕೀಲು, ಕಂಬದ ತೋಡಿಗೆ ಕೆಳಗಿನಿಂದ ಜಾರಿ ಕೂರುತ್ತದೆ. ಮೇಲೆ ಭಾರ ಬಿದ್ದಾಗ ಕಾಲುಗಳು ಹೊರಕ್ಕೆ ಸರಿಯಲು ನೋಡಿ ಕಂಬದ ಬುಡವನ್ನು ಸೀಳುತ್ತವೆ. ಅದಕ್ಕೇ ಬುಡದಡಿ ಮೂರು ತೋಳಿನ ಲೋಹದ ತಗಡು ಬಡಿದಿರುತ್ತಾರೆ. ಅಡಿಯ ನೋಟವನ್ನೂ ಬರೆದಿದ್ದರಿಂದಲೇ ಅದು ತಿಳಿಯುತ್ತದೆ. ಹಲಗೆಯಡಿಯ ಅಡ್ಡಪಟ್ಟಿಗೂ ಲೆಕ್ಕವಿದೆ: ಹೊಸದಾಗಿ ಮಾಡುವವರು ಅದರ ಹೊರಗಿನ ಸ್ಕ್ರೂ ತೂತುಗಳನ್ನು ಪಟ್ಟಿಯ ಉದ್ದಕ್ಕೆ ಕೊಂಚ ಹಿಗ್ಗಿಸಬೇಕು. ಇಲ್ಲದಿದ್ದರೆ ಇಲ್ಲಿಯ ಚಳಿಗಾಲದ ಒಣಹವೆಗೆ ಕುಗ್ಗುವ ಹಲಗೆ ಬಿರುಕು ಬಿಡುತ್ತದೆ.

ನಮ್ಮಲ್ಲಿ ಆಚಾರ್ರಿಗೆ ಪಕ್ಕದ ಮನೆಯ ಮಂಚ ತೋರಿಸಿ "ಇದೇ ಥರ ಮಾಡಿಕೊಡಿ" ಅನ್ನುತ್ತೇವೆ. ಈಗ ಮೊಬೈಲ್ ಫೋಟೋ ತೋರಿಸುತ್ತೇವೆ. ಅದರಲ್ಲಿ ಕೀಲು ಕಾಣುವುದಿಲ್ಲ, ಹಾಗಾಗಿ ಕೀಲಿನ ಜಾಗಕ್ಕೆ ಮೊಳೆ, ಫೆವಿಕಾಲ್ ಬರುತ್ತವೆ. ಈಳಿಗೆಮಣೆಯ ಅಲಗಿನ ಬುಡ ಮಣೆಯೊಳಗೆ ಎಷ್ಟು ಇಳಿದಿದೆ, ಹಸೆಮಣೆಯ ಅಡಿಪಟ್ಟಿ ಹೇಗೆ ಕೂತಿದೆ, ತೂಗುಮಣೆಯ ಕೊಂಡಿ ಅಂಚಿನಿಂದ ಎಷ್ಟು ಒಳಗಿದೆ, ಎಷ್ಟು ಮನೆಗಳಲ್ಲಿ ಬರೆದಿಟ್ಟಿದ್ದಾರೆ? ತೊಟ್ಟಿಮನೆ ಕೆಡವಿದಾಗ ತೊಲೆಗಳಿಗೆ ಬೆಲೆ ಕಟ್ಟುವ ನಾವು ಮಣೆಗಳನ್ನು ಹಂಡೆಯ ಒಲೆಗೆ ಹಾಕುತ್ತೇವೆ. ಇದು ಸಿಟ್ಟು ಬರಿಸುವ ಅಸಡ್ಡೆ.

ಹಾಗೆಂದು ಶೇಕರ್ ಬಡಗಿಗಳೇನೂ ಈ ನಕ್ಷೆ ನೋಡಿ ಮೇಜು ಮಾಡಿದವರಲ್ಲ, ಅದನ್ನು ಒಪ್ಪಬೇಕು. ಅವರೂ ಹಿರಿಯರ ಪಕ್ಕ ನಿಂತು, ಅಚ್ಚು ಇಟ್ಟುಕೊಂಡು ಕಲಿತರು. ಅವರ ಊರುಗಳು ಒಂದೊಂದಾಗಿ ಮುಚ್ಚಿದ ಕಾಲದಲ್ಲಿ ಹೊರಗಿನವರು ಹಳೆಯ ಮೇಜುಗಳನ್ನು ಅಳೆದು ಬರೆದರು. 1930ರ ದಶಕದಲ್ಲಿ ಅಮೆರಿಕದ ಸರ್ಕಾರವೇ ಸಂಬಳ ಕೊಟ್ಟು ಕಲಾವಿದರಿಂದ ಇಂಥ ವಸ್ತುಗಳ ಚಿತ್ರ ಬರೆಸಿತು. ಹಲಸಿನ ಹಲಗೆ ತಟ್ಟಿ, ಇನ್ನೂ ಹಸಿ ಇದೆ ಎನ್ನುವ ನಮ್ಮ ಆಚಾರ್ರ ತಿಳಿವು ಯಾವ ನಕ್ಷೆಯಲ್ಲೂ ಸಿಗದು, ಅದೂ ನಿಜ. ಆದರೆ ಅವರ ಮಕ್ಕಳು ಈಗ ಪ್ಲೈವುಡ್ ಕೊಯ್ಯುತ್ತಿದ್ದಾರೆ. ಉಳಿದಿರುವ ಮಣೆಗಳನ್ನಾದರೂ ಈ ರಜೆಯಲ್ಲಿ ಮಗುಚಿ ಹಾಕಿ, ಟೇಪು ಹಿಡಿದು, ಚೌಕದ ಹಾಳೆಗೆ ಇಳಿಸಿ.