ಗುಡ್ಡದ ದಾರಿಯಲ್ಲಿ ಕಿಲೋಮೀಟರ್ ಲೆಕ್ಕ ಕೇಳಬೇಡಿ

ಸೈಕಲ್ ಮೇಲೆ ಸಾಮಾನು ಕಟ್ಟಿಕೊಂಡು ದೂರ ಹೋಗುವವರನ್ನು ಕಂಡರೆ ಜನ ಮೊದಲು ಕೇಳುವುದು ಒಂದೇ. ‘ದಿನಕ್ಕೆ ಎಷ್ಟು ಕಿಲೋಮೀಟರ್ ಹೊಡೀತೀರಾ?’ ಬಯಲಿನಲ್ಲಿ ಆ ಪ್ರಶ್ನೆಗೆ ಅರ್ಥ ಇದೆ. ಗುಡ್ಡಗಾಡಿನಲ್ಲಿ ಇಲ್ಲ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ. ‘ಒಬ್ಬರೇನಾ? ಜೊತೆಗೆ ಯಾರೂ ಇಲ್ವಾ?’ ಇಲ್ಲ. ಗುಡ್ಡಕ್ಕಾದರೆ ಒಬ್ಬನೇ ಹೋಗುವುದೇ ಸರಿ ಅನ್ನುವುದು ನನ್ನ ವಾದ.

ಇತ್ತೀಚಿನ ಪ್ರವಾಸದ ಒಂದು ದಿನವನ್ನು ಮುಂದಿಟ್ಟುಕೊಂಡು ಇವೆರಡಕ್ಕೂ ಉತ್ತರ ಬರೆಯುತ್ತೇನೆ. ಯಾವ ಸೀಮೆಯ ಗುಡ್ಡ ಅಂತ ಕೇಳಬೇಡಿ. ಶೇಕಡಾ 7ರ ಏರು, ಅಂದರೆ ನೂರು ಮೀಟರ್ ಮುಂದೆ ಹೋದರೆ ಏಳು ಮೀಟರ್ ಮೇಲೆ, ಪ್ರಪಂಚದ ಯಾವ ಮೂಲೆಗೆ ಹೋದರೂ ಶೇಕಡಾ 7ರದ್ದೇ.

ಆ ದಿನ ತುಳಿದದ್ದು 58 ಕಿಲೋಮೀಟರ್. ನಗಬೇಡಿ. ಹತ್ತಿದ್ದು ಒಟ್ಟು 1300 ಮೀಟರ್.

ಬೆಳಗ್ಗೆ ಕಣಿವೆಯಲ್ಲಿ 8 ಕಿಲೋಮೀಟರ್ ಮಟ್ಟಸ ದಾರಿ. ಅದರ ಬಗ್ಗೆ ಹೇಳುವುದಕ್ಕೇನೂ ಇಲ್ಲ, ಕಾಲು ಬಿಸಿಯಾಯಿತು ಅಷ್ಟೆ. ಆಮೇಲೆ ಸೇತುವೆ ದಾಟಿದ ಕೂಡಲೇ ರಸ್ತೆ ಎದ್ದು ನಿಂತಿತು. ಮುಂದಿನ 9 ಕಿಲೋಮೀಟರಿನಲ್ಲಿ ಸುಮಾರು 600 ಮೀಟರ್ ಏರು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಮ್ಯಾಪಿನ ಬೆಟ್ಟ ಅದಕ್ಕಿಂತ ನುಣ್ಣಗೆ. ಹಿಂದಿನ ರಾತ್ರಿ ಫೋನಿನಲ್ಲಿ ನೋಡಿದಾಗ ಅದು ಎರಡು ಬೆರಳಗಲದ ಗೆರೆ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ನಾನು, ಸೈಕಲ್ಲು, ಬ್ಯಾಗುಗಳು, ನೀರು ಎಲ್ಲ ಸೇರಿ 95 ಕಿಲೋ. ದಿನವಿಡೀ ತುಳಿಯಬೇಕಾದವನು ಕಾಲಿನಿಂದ 120 ವ್ಯಾಟ್ ಕೊಟ್ಟರೆ ಅದೇ ಹೆಚ್ಚು. ಮಟ್ಟಸ ರಸ್ತೆಯಲ್ಲಿ ಅಷ್ಟು ಶಕ್ತಿಗೆ ಗಂಟೆಗೆ ಇಪ್ಪತ್ತೆರಡು ಕಿಲೋಮೀಟರ್ ಆಸುಪಾಸು ಹೋಗಬಹುದು. ಅಲ್ಲಿ ನಮ್ಮ ಮುಖ್ಯ ಎದುರಾಳಿ ಗಾಳಿ. ಶೇಕಡಾ 7ರ ಏರಿನಲ್ಲಿ ಅದೇ 120 ವ್ಯಾಟಿಗೆ ಸಿಗುವುದು ಗಂಟೆಗೆ 6 ಕಿಲೋಮೀಟರ್. ಏರು ಶೇಕಡಾ 10 ಆದರೆ ನಾಲ್ಕೂವರೆ. ಅಂದರೆ ನಡೆಯುವವನ ವೇಗ.

‘ಹತ್ತಿದ್ದನ್ನೆಲ್ಲ ಇಳಿಯುವಾಗ ವಸೂಲಿ ಮಾಡಬಹುದಲ್ಲ’ ಅಂತ ಬಯಲಿನ ಸೈಕಲ್ ಗೆಳೆಯರು ಹೇಳುತ್ತಾರೆ. ಆಗುವುದಿಲ್ಲ ಸ್ವಾಮಿ. 10 ಕಿಲೋಮೀಟರ್ ಏರನ್ನು 6ರ ವೇಗದಲ್ಲಿ ಹತ್ತಿ, 10 ಕಿಲೋಮೀಟರನ್ನು 40ರ ವೇಗದಲ್ಲಿ ಇಳಿದರೆ ಸರಾಸರಿ 23 ಅನ್ನಿಸುತ್ತದೆ ಅಲ್ವಾ? ಹತ್ತುವುದಕ್ಕೆ ಒಂದು ಗಂಟೆ ನಲವತ್ತು ನಿಮಿಷ, ಇಳಿಯುವುದಕ್ಕೆ ಹದಿನೈದು ನಿಮಿಷ. ಕೂಡಿ ಭಾಗಿಸಿ ನೋಡಿ, ಹತ್ತೂವರೆ ದಾಟುವುದಿಲ್ಲ. ಗುಡ್ಡ ಸಮಯವನ್ನು ತಿನ್ನುವುದು ಹತ್ತುವಾಗ. ಇಳಿಜಾರು ಅದನ್ನು ವಾಪಸ್ ಕೊಡುವುದಿಲ್ಲ.

ಹಾಗಾಗಿ ನಾನು ದಿನವನ್ನು ಅಳೆಯುವುದು ಏರಿದ ಮೀಟರ್ ಮತ್ತು ಬೆಳಕಿನ ಗಂಟೆಗಳಲ್ಲಿ. ಊಟದ ಲೆಕ್ಕವೂ ಹಾಗೇ. 95 ಕಿಲೋ ತೂಕವನ್ನು 1000 ಮೀಟರ್ ಎತ್ತಲು 930 ಕಿಲೋಜೂಲ್ ಕೆಲಸ ಆಗಬೇಕು. ನಮ್ಮ ದೇಹ ತಿಂದದ್ದರಲ್ಲಿ ನಾಲ್ಕನೇ ಒಂದು ಪಾಲನ್ನೂ ಪೆಡಲಿಗೆ ಪೂರ್ತಿ ತಲುಪಿಸುವುದಿಲ್ಲ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಲೆಕ್ಕ ಹಾಕಿದರೆ ಎಷ್ಟು ಕಿಲೋಜೂಲ್ ಕೆಲಸವೋ ಹೆಚ್ಚೂಕಡಿಮೆ ಅಷ್ಟೇ ಕಿಲೋಕ್ಯಾಲರಿ ಖರ್ಚು. ಆ ದಿನದ ಏರಿಗೇ ಸಾವಿರದ ಇನ್ನೂರು, ಮುನ್ನೂರು ಹೋಯಿತು. ಮಿಕ್ಕ ದಾರಿಯದ್ದು ಬೇರೆ.

ಏರಿಗೆ ಬರೋಣ. ಗಂಟೆಗೆ 6 ಕಿಲೋಮೀಟರ್ ಎಂಥ ವೇಗ ಅಂದರೆ ನೊಣಗಳು ಜೊತೆಗೇ ಬರುತ್ತವೆ. ಕಿವಿಯ ಹತ್ತಿರ ಎರಡು, ಕನ್ನಡಕದ ಮೇಲೆ ಒಂದು. ಓಡಿಸಲು ಕೈ ಎತ್ತಿದರೆ ಮುಂದಿನ ಚಕ್ರ ಓಲಾಡುತ್ತದೆ, ಯಾಕೆಂದರೆ ಆ ವೇಗದಲ್ಲಿ ಸೈಕಲ್ ತಾನಾಗಿ ನೆಟ್ಟಗೆ ನಿಲ್ಲುವುದಿಲ್ಲ. ಬೆವರಿನ ಹನಿ ಮೂಗಿನ ತುದಿಯಿಂದ ಜಾರಿ ಫ್ರೇಮಿನ ಮೇಲಿನ ಕೊಳವೆಯ ಮೇಲೆ ಬೀಳುತ್ತದೆ. ಒಂದೇ ಜಾಗಕ್ಕೆ, ಒಂದರ ಹಿಂದೆ ಒಂದು. ಸ್ವಲ್ಪ ಹೊತ್ತಿಗೆ ಅಲ್ಲಿ ಉಪ್ಪಿನ ಬಿಳಿ ಕಲೆ. ನಾನು ಅರ್ಧ ಗಂಟೆ ಆ ಕಲೆಯನ್ನೇ ನೋಡಿಕೊಂಡು ಹತ್ತಿದ್ದೇನೆ. ಮೇಲೆ ರಸ್ತೆ ಎಲ್ಲಿಗೆ ಹೋಗುತ್ತದೆ ಅಂತ ನೋಡುವುದಕ್ಕಿಂತ ಅದೇ ವಾಸಿ.

ಹೇರ್‌ಪಿನ್ ತಿರುವುಗಳಲ್ಲಿ ಒಳಬದಿ ಯಾವಾಗಲೂ ಕಡಿದು. ಹೊರಬದಿ ದೂರ ಜಾಸ್ತಿ, ಆದರೆ ಏರು ಕಮ್ಮಿ. ಗಾಡಿ ಬರುತ್ತಿಲ್ಲ ಅಂತ ಖಾತ್ರಿ ಆದರೆ ಮಾತ್ರ ನಾನು ಹೊರಗಿನಿಂದ ಸುತ್ತಿ ಹೋಗುತ್ತೇನೆ, ಆ ಹತ್ತು ಹೆಜ್ಜೆ ದೂರದಲ್ಲಿ ಉಸಿರು ಒಂದು ಹದಕ್ಕೆ ಬರುತ್ತದೆ. ಮೂರನೇ ತಿರುವಿನಲ್ಲಿ ಒಬ್ಬರು ಕಾರು ನಿಲ್ಲಿಸಿ ‘ಇನ್ನು ಸ್ವಲ್ಪವೇ, ಮುಂದೆಲ್ಲ ಮಟ್ಟ’ ಅಂತ ಧೈರ್ಯ ಹೇಳಿದರು. ಒಳ್ಳೆಯ ಮನುಷ್ಯ, ಪಾಪ. ಮುಂದೆ ಇನ್ನೂ 4 ಕಿಲೋಮೀಟರ್ ಏರೇ ಇತ್ತು. ಏರು ಎಷ್ಟಿದೆ ಅಂತ ಇಂಜಿನ್ ಇರುವವರನ್ನು ಕೇಳಲೇಬಾರದು. ಅವರ ಕಾಲಿಗೆ ಅದು ಗೊತ್ತಾಗುವುದಿಲ್ಲ. ನಡೆದು ಬರುತ್ತಿರುವವರನ್ನು ಕೇಳಿ, ಇಲ್ಲದಿದ್ದರೆ ತಲೆ ಮೇಲೆ ಹೊರೆ ಹೊತ್ತವರನ್ನು. ತಿರುವು ತಿರುವಿನ ಲೆಕ್ಕ ಕೊಡುತ್ತಾರೆ.

ಕೊನೆಯ ಒಂದು ತುಣುಕು ಶೇಕಡಾ 12 ಇತ್ತು. ಇಳಿದು ತಳ್ಳಿದೆ. ಇದರ ಬಗ್ಗೆ ನನಗೆ ಚೂರೂ ನಾಚಿಕೆ ಇಲ್ಲ, ಆದರೆ ಸುತ್ತಮುತ್ತ ಸೈಕಲ್ ಗುಂಪುಗಳಲ್ಲಿ ಈ ನಾಚಿಕೆ ತುಂಬ ಇದೆ. ‘ಕಾಲು ಊರದೆ ಹತ್ತಿದೆ’ ಅನ್ನುವುದೇ ದೊಡ್ಡ ಬಿರುದು. 1884ರಲ್ಲಿ ಥಾಮಸ್ ಸ್ಟೀವನ್ಸ್ ಎತ್ತರದ ಮುಂಚಕ್ರದ ಸೈಕಲ್ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಬಾಸ್ಟನ್‌ವರೆಗೆ ಅಮೆರಿಕ ದಾಟಿದ. ಆ ದಾರಿಯಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ನಡೆದೇ ಹೋದದ್ದು. ಆಮೇಲೆ 1886ರಲ್ಲಿ ಜಪಾನಿನ ಯೊಕೊಹಾಮ ಮುಟ್ಟಿ ಭೂಮಿ ಸುತ್ತಿದ ಮೊದಲ ಸೈಕಲ್ ಸವಾರ ಅನ್ನಿಸಿಕೊಂಡ. ನೀನು ತಳ್ಳಿದ್ದೀಯ, ಲೆಕ್ಕಕ್ಕಿಲ್ಲ ಅಂತ ಅವನಿಗೆ ಯಾರೂ ಹೇಳಲಿಲ್ಲ.

ಗೇರಿನ ವಿಷಯದಲ್ಲೂ ಇದೇ ಒಣ ಜಂಭ. ಹಿಂದೆಯೂ ಇತ್ತು. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯನ್ನು 1910ರಲ್ಲಿ ಪಿರನೀಸ್ ಬೆಟ್ಟಗಳ ಎತ್ತರದ ಕಣಿವೆದಾರಿಗಳಿಗೆ ಹತ್ತಿಸಿದರು. ಆದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್‌ಗೆ ಅಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಷ್ಟು ವರ್ಷ ಸವಾರರು ಏರಿನ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ಅದರ ಇನ್ನೊಂದು ಬದಿಯ ದೊಡ್ಡ ಹಲ್ಲುಚಕ್ರ ಚೈನಿಗೆ ಬರುವಂತೆ ತಿರುಗಿಸಿ ಹಾಕಿಕೊಂಡು ಹತ್ತುತ್ತಿದ್ದರು. ಆ ಕಡೆ ಇನ್ನೂ ಮೊದಲೇ, ವೆಲೋಸಿಯೋ ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದ ಪಾಲ್ ದ ವಿವಿ ಅನ್ನುವ ಫ್ರಾನ್ಸಿನ ಮನುಷ್ಯ, ಗುಡ್ಡಕ್ಕೆ ಗೇರು ಬೇಕೇ ಬೇಕು ಅಂತ ವಾದಿಸುತ್ತಾ ತಾನೇ ತುಳಿದು ತೋರಿಸುತ್ತಿದ್ದ. ಹಸಿಯುವ ಮೊದಲು ತಿನ್ನು, ಬಾಯಾರುವ ಮೊದಲು ಕುಡಿ ಅಂತ ದೂರದ ಸವಾರರಿಗೆ ಹೇಳಿಕೊಟ್ಟವನೂ ಅವನೇ.

ನನ್ನ ಸೈಕಲ್ಲಿನಲ್ಲಿ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 22 ಹಲ್ಲು, ಹಿಂದಿನ ದೊಡ್ಡದಕ್ಕೆ 34. ಪೆಡಲ್ ಒಂದು ಸುತ್ತು ಸುತ್ತಿದರೆ ಸೈಕಲ್ ಮುಂದೆ ಹೋಗುವುದು ಸುಮಾರು 1.4 ಮೀಟರ್. ಗಂಟೆಗೆ 6 ಕಿಲೋಮೀಟರಿನಲ್ಲೂ ಕಾಲು ನಿಮಿಷಕ್ಕೆ 70 ಸುತ್ತು ಹಗುರಾಗಿ ತಿರುಗುತ್ತಿರುತ್ತದೆ. ಅಂಗಡಿಯಲ್ಲಿ ಮಿಂಚುವ ರೋಡ್ ಬೈಕಿನಲ್ಲಿ ಮುಂದೆ 34, ಹಿಂದೆ 28 ಇದ್ದರೆ ಅದೇ ಏರಿನಲ್ಲಿ ನಿಮಿಷಕ್ಕೆ 40 ಸುತ್ತು. ಪ್ರತಿ ಸುತ್ತಿಗೂ ಮಂಡಿ ಮೇಲೆ ಪೂರ್ತಿ ಭಾರ. ಖಾಲಿ ಸೈಕಲ್ಲಿನಲ್ಲಿ ಒಂದು ಬೆಳಗ್ಗೆ ಅದು ನಡೆಯುತ್ತದೆ. ಸಾಮಾನು ಹೇರಿಕೊಂಡು ವಾರಗಟ್ಟಲೆ ಹೋಗುವವನ ಮಂಡಿ ಕೇಳುವುದಿಲ್ಲ. ಆದರೂ ಜನ ಗ್ರಾಂ ಲೆಕ್ಕದಲ್ಲಿ ತೂಕ ಇಳಿಸಲು ಸಾವಿರಗಟ್ಟಲೆ ಸುರಿಯುತ್ತಾರೆ, ಹಿಂದೆ ಒಂದು ದೊಡ್ಡ ಹಲ್ಲುಚಕ್ರ ಹಾಕಿಸಿ ಅಂದರೆ ಮುಖ ಸಿಂಡರಿಸುತ್ತಾರೆ. ನನ್ನ 95 ಕಿಲೋಗೆ ಇನ್ನೊಂದು 5 ಕಿಲೋ ಸೇರಿದರೂ ಒಂದೂವರೆ ಗಂಟೆಯ ಏರಿಗೆ ಹೆಚ್ಚಾಗುವುದು ಐದು ನಿಮಿಷ ಅಷ್ಟೆ.

ಇದಕ್ಕೆ ಅಡ್ಡಮಾತು ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. 1963ರಲ್ಲಿ ಐರ್ಲೆಂಡಿನ ಡರ್ವ್ಲಾ ಮರ್ಫಿ ಒಬ್ಬಳೇ ಸೈಕಲ್ಲಿನಲ್ಲಿ ಭಾರತಕ್ಕೆ ಬಂದಳು. ಕೆಟ್ಟ ರಸ್ತೆಯಲ್ಲಿ ಹಾಳಾಗುತ್ತದೆ ಅಂತ ಹೊರಡುವ ಮೊದಲೇ ಗೇರ್ ಬಿಚ್ಚಿಸಿಟ್ಟಿದ್ದಳು. ಅಂಥವರಿಗೆ ನನ್ನ ಉಪದೇಶ ಏನೂ ಇಲ್ಲ, ದೂರದಿಂದಲೇ ನಮಸ್ಕಾರ.

ಈಗ ಒಬ್ಬನೇ ಯಾಕೆ ಅನ್ನುವುದು. ಮಟ್ಟಸ ರಸ್ತೆಯಲ್ಲಿ ಜೊತೆ ಇದ್ದರೆ ಲಾಭ ಇದೆ. ಮುಂದಿರುವವನ ಚಕ್ರಕ್ಕೆ ಅಂಟಿಕೊಂಡು ವೇಗವಾಗಿ ಹೋದರೆ ಗಾಳಿಯ ಹೊಡೆತ ತಪ್ಪಿ ಕಾಲು ಭಾಗ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಶ್ರಮ ಉಳಿಯುತ್ತದೆ. ಗಂಟೆಗೆ 6 ಕಿಲೋಮೀಟರಿನಲ್ಲಿ ಹಿಂದೆ ಅಡಗಿಕೊಳ್ಳುವುದಕ್ಕೆ ಗಾಳಿಯೇ ಇಲ್ಲ. ಅಲ್ಲಿ ಎಳೆಯುವುದು ನಮ್ಮ ತೂಕ. ಅದನ್ನು ಯಾರೂ ಹಂಚಿಕೊಳ್ಳುವುದಿಲ್ಲ. ಮೇಲಾಗಿ ಪ್ರತಿಯೊಬ್ಬರ ಏರಿನ ಲಯ ಬೇರೆ. ನಿಧಾನದವನ ಜೊತೆ ಹೋದರೆ ಸೈಕಲ್ ಓಲಾಡುತ್ತದೆ. ಜೋರಿನವನ ಜೊತೆ ಹೋದರೆ ನಾಲ್ಕನೇ ಕಿಲೋಮೀಟರಿಗೆ ಎದೆ ಬಾಯಿಗೆ ಬರುತ್ತದೆ. ಮೇಲೆ ಕಾದು ಕೂತವನಿಗೆ ಬೆವರು ಆರಿ ಚಳಿ, ತಡವಾಗಿ ಬಂದವನಿಗೆ ಕೂರಲೂ ಸಂಕೋಚ. ಸ್ನೇಹ ಉಳಿಯಬೇಕಾದರೆ ಗುಡ್ಡವನ್ನು ಬೇರೆ ಬೇರೆ ಹತ್ತಿ, ರಾತ್ರಿ ಒಂದೇ ಕಡೆ ಸೇರಿ.

ಒಂಟಿತನದ ಬೆಲೆ ತೆರಬೇಕಾದದ್ದು ಇಳಿಯುವಾಗ. ಬಿದ್ದರೆ ಎತ್ತುವವರಿಲ್ಲ. ಹಾಗಾಗಿ ಮೇಲೆ ತಲುಪಿದ ಮೇಲೆ ನಾನು ಮೊದಲು ಮಾಡುವ ಕೆಲಸ ಜಾಕೆಟ್ ಹಾಕಿಕೊಳ್ಳುವುದು. ಬಿಸಿಲಿದ್ದರೂ ಸರಿ. ಒಂದೂವರೆ ಗಂಟೆ ಬೆವರಿದ ಬಟ್ಟೆಗೆ 40ರ ವೇಗದ ಗಾಳಿ ತಾಕಿದರೆ ಐದೇ ನಿಮಿಷದಲ್ಲಿ ಬೆರಳು ಮರಗಟ್ಟುತ್ತವೆ. ಮರಗಟ್ಟಿದ ಬೆರಳಿಗೆ ಬ್ರೇಕಿನ ಹದ ಸಿಗುವುದಿಲ್ಲ. ಆಮೇಲೆ ಎರಡೂ ಬ್ರೇಕ್ ಹಿಡಿದು ನೋಡುವುದು, ಬ್ಯಾಗಿನ ಪಟ್ಟಿ ಚಕ್ರಕ್ಕೆ ತಾಗುತ್ತಿದೆಯಾ ಅಂತ ನೋಡುವುದು.

ಇಳಿಜಾರು 11 ಕಿಲೋಮೀಟರ್. ರಿಮ್ ಬ್ರೇಕ್, ಅಂದರೆ ಚಕ್ರದ ಲೋಹದ ಬಳೆಯನ್ನೇ ಒತ್ತಿ ಹಿಡಿಯುವ ಬ್ರೇಕ್ ಇರುವ ಸೈಕಲ್ಲಿನಲ್ಲಿ ಹೇರು ಹೊತ್ತು ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಹಿಡಿದುಕೊಂಡು ಬರಬಾರದು. ಹತ್ತುವಾಗ ಕೂಡಿಟ್ಟ ಶಕ್ತಿಯೆಲ್ಲ ಬಿಸಿಯಾಗಿ ರಿಮ್ಮಿಗೆ ಇಳಿಯುತ್ತದೆ. ರಿಮ್ ಕಾದರೆ ಟ್ಯೂಬ್ ಒಡೆಯುವುದೂ ಉಂಟು. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟು, ಹೊರಗಿನ ಪೆಡಲ್ ಕೆಳಗೆ ಒತ್ತಿ, ಕಣ್ಣು ರಸ್ತೆ ಹೋಗುವ ಕಡೆಗೆ. ತಿರುವಿನ ಒಳಬದಿಯಲ್ಲಿ ಉದುರಿದ ಜಲ್ಲಿ ಇದ್ದೇ ಇರುತ್ತದೆ ಅಂದುಕೊಂಡೇ ಇಳಿಯುವುದು. ಮಧ್ಯೆ ಎರಡು ಸಲ ನಿಂತು ಬೆರಳಿನ ತುದಿಯನ್ನು ರಿಮ್ಮಿಗೆ ತಾಕಿಸಿ ನೋಡಿದೆ. ಚುರುಕ್ ಅಂದಿತು. ನೀರು ಕುಡಿದು, ಅದು ತಣ್ಣಗಾಗುವವರೆಗೆ ಕೂತೆ.

ಮಧ್ಯಾಹ್ನದ 30 ಕಿಲೋಮೀಟರ್ ಬಗ್ಗೆ ಯಾರೂ ಬರೆಯುವುದಿಲ್ಲ. ಅದಕ್ಕೆ ಹೆಸರಿಲ್ಲ, ಬೋರ್ಡಿಲ್ಲ, ಫೋಟೋ ತೆಗೆಯುವ ಜಾಗ ಇಲ್ಲ. ನಲವತ್ತು ಮೀಟರ್ ಇಳಿ, ಐವತ್ತು ಮೀಟರ್ ಹತ್ತು, ಮತ್ತೆ ಇಳಿ, ಮತ್ತೆ ಹತ್ತು. ಸುಮ್ನೆ ಕೂಡಿ ನೋಡಿದರೆ ಬೆಳಗಿನ ಘಟ್ಟಕ್ಕಿಂತ ಇದೇ ಜಾಸ್ತಿ, 700 ಮೀಟರ್. ದೊಡ್ಡ ಏರಿಗೆ ಒಂದು ಮರ್ಯಾದೆ ಇದೆ, ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿರುತ್ತದೆ. ಈ ದಿಣ್ಣೆಗಳಿಗೆ ಅದೂ ಇಲ್ಲ. ಸೈಕಲ್ ಸವಾರರ ಕೈಕಾಲು ಬಿಟ್ಟುಹೋಗುವುದು ಹೆಚ್ಚಾಗಿ ಇಂಥ ದಾರಿಯಲ್ಲೇ. ಸ್ನಾಯು ಮತ್ತು ಯಕೃತ್ತಿನಲ್ಲಿ ಇರುವ ಸಕ್ಕರೆಯ ದಾಸ್ತಾನು 400ರಿಂದ 500 ಗ್ರಾಂ ಮಾತ್ರ, ಬೆಳಗಿನಿಂದ ಅದು ಕರಗುತ್ತಲೇ ಬಂದಿರುತ್ತದೆ. ಗಂಟೆಗೆ 30ರಿಂದ 60 ಗ್ರಾಂ ಸಿಹಿಯೋ ಪಿಷ್ಟವೋ ಒಳಗೆ ಹೋಗುತ್ತಿದ್ದರೆ ಬಂಡಿ ನಡೆಯುತ್ತದೆ. ಜೊತೆಗಾರ ಇದ್ದರೆ ‘ಯಾಕೋ ಸಿಡುಕ್ತಿದ್ದೀಯ, ಏನಾದ್ರೂ ತಿನ್ನು’ ಅನ್ನುತ್ತಾನೆ. ಒಬ್ಬನೇ ಇರುವಾಗ ನಾನೇ ಗಮನಿಸಬೇಕು. ಮೈಲಿಗಲ್ಲಿನ ಮೇಲೆ ಸಿಟ್ಟು ಬಂತು ಅಂದರೆ ಜೇಬಿಗೆ ಕೈ ಹಾಕುವ ಹೊತ್ತಾಯಿತು ಅಂತ ಲೆಕ್ಕ.

ನಾಲ್ಕು ಗಂಟೆಗೆ ಇನ್ನೊಂದು ಘಟ್ಟದ ಬುಡ. 7 ಕಿಲೋಮೀಟರ್, ಶೇಕಡಾ 7. ಕತ್ತಲಿಗೆ ಇನ್ನೂ ಎರಡು ಗಂಟೆ ಇತ್ತು, ಕಾಲಿನಲ್ಲೂ ಒಂದಿಷ್ಟು ಉಳಿದಿತ್ತು. ಒಂದೂಕಾಲು ಗಂಟೆಯಲ್ಲಿ ಹತ್ತಬಹುದಿತ್ತು, ಮಧ್ಯೆ ನಿಲ್ಲುವುದೂ ಸೇರಿದರೆ ಒಂದೂವರೆ ಗಂಟೆ. ಹತ್ತುವುದಕ್ಕೆ ಬೆಳಕಿದೆ, ಇಳಿಯುವುದಕ್ಕೆ ಇಲ್ಲ. ಮಬ್ಬುಬೆಳಕಿನಲ್ಲಿ, ಸೋತ ಕೈಯಲ್ಲಿ, ನೋಡಿರದ ತಿರುವುಗಳನ್ನು ಇಳಿಯುವುದು ನನ್ನಿಂದ ಆಗದ ಕೆಲಸ. ಗುಂಪಿದ್ದಿದ್ದರೆ ಅಲ್ಲೊಂದು ಚರ್ಚೆ ಆಗುತ್ತಿತ್ತು, ಯಾರೋ ಒಬ್ಬರು ‘ಹೋಗಿಬಿಡೋಣ ಬಾ’ ಅನ್ನುತ್ತಿದ್ದರು. ನಾನು ಒಂದು ನಿಮಿಷದಲ್ಲಿ ಬ್ಯಾಗ್ ಇಳಿಸಿದೆ.

ಆಮೇಲಿನ ಕೆಲಸ ಮಾಮೂಲಿ. ಚೈನ್ ಒರೆಸಿ ಎಣ್ಣೆ ಬಿಟ್ಟೆ, ಬ್ರೇಕ್ ಪ್ಯಾಡಿನಲ್ಲಿ ಸಿಕ್ಕಿಕೊಂಡಿದ್ದ ಲೋಹದ ಚೂರನ್ನು ಸೂಜಿಯಿಂದ ಕಿತ್ತೆ, ಹಿಂದಿನ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಹಿಸುಕಿ ನೋಡಿದೆ. ಹೇರು ಇರುವ ಸೈಕಲ್ಲಿನಲ್ಲಿ ಕಡ್ಡಿ ಮುರಿಯುವುದು ಹೆಚ್ಚಾಗಿ ಹಿಂದಿನ ಚಕ್ರದಲ್ಲಿ, ಅದೂ ಚೈನ್ ಇರುವ ಕಡೆಗೆ. ಸ್ಪೇರ್ ಒಯ್ಯುವವರು ಆ ಕಡೆಯ ಅಳತೆಯದ್ದನ್ನು ಎರಡು ಜಾಸ್ತಿ ಇಟ್ಟುಕೊಳ್ಳಿ.

ಘಟ್ಟ ಹತ್ತುವ ಯೋಚನೆ ಇರುವವರು ಕಾಲಿನ ಬಲದ ಬಗ್ಗೆ ನನ್ನನ್ನು ಕೇಳುವ ಮೊದಲು ಮುಂದಿನ ಚಿಕ್ಕ ಚಕ್ರದ ಹಲ್ಲು, ಹಿಂದಿನ ದೊಡ್ಡ ಚಕ್ರದ ಹಲ್ಲು ಎಣಿಸಿ ಬರೆಯಿರಿ. ಸಾಮಾನಿನ ತೂಕವನ್ನೂ ಬರೆಯಿರಿ. ಎಷ್ಟು ಶೇಕಡಾ ಏರಿನಲ್ಲಿ ಇಳಿದು ತಳ್ಳಬೇಕಾಗುತ್ತದೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.